ಗಜಕ್ಕೆ ಕಟ್ಟಿದ ಕೆಂಪು ದಾರ

ನಮ್ಮಜ್ಜನ ಬಂದೂಕಿನ ಗಜಕ್ಕೆ ಒಂದು ಕೆಂಪು ದಾರ ಕಟ್ಟಿತ್ತು. ಗಜ ಅಂದರೆ ನಳಿಗೆಯೊಳಗೆ ಮದ್ದು ಜಡಿಯುವ ಉದ್ದನೆಯ ಕಬ್ಬಿಣದ ಸಲಾಕೆ. ನಳಿಗೆಯ ಕೆಳಗೆ ಎರಡು ಬಳೆಗಳೊಳಗೆ ಅದು ಸದಾ ಕೂತಿರುತ್ತದೆ. ಅದರ ಮೇಲ್ತುದಿಯಿಂದ ಎರಡು ಬೆರಳು ಕೆಳಗೆ, ಬಿಗಿಯಾಗಿ ಸುತ್ತಿ ಗಂಟು ಹಾಕಿದ ದಾರ. ಎಣ್ಣೆ, ಮಸಿ ಹತ್ತಿ ಅದರ ಕೆಂಪು ಕಂದಿಹೋಗಿತ್ತು. ದೇವರ ದಾರ ಇರಬೇಕು ಅಂತ ನಾನು ಬಹಳ ವರ್ಷ ತಿಳಿದಿದ್ದೆ. ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದಾಗ ನಮ್ಮ ಕೈಗೆಲ್ಲ ದಾರ ಕಟ್ಟುತ್ತಿದ್ದರಲ್ಲ, ಅಜ್ಜ ಉಳಿದ ತುಂಡನ್ನು ಬಂದೂಕಿಗೂ ಕಟ್ಟಿದ್ದಾನೆ ಅಂದುಕೊಂಡಿದ್ದೆ.

ನಮ್ಮೂರು ಕಲಘಟಗಿ ತಾಲ್ಲೂಕಿನ ಪಡುವಣ ಅಂಚಿನಲ್ಲಿದೆ. ಅಲ್ಲಿ ಬಯಲು ಮುಗಿದು ಅಡವಿ ಸುರುವಾಗುತ್ತದೆ. ಇತ್ತ ನವಲಗುಂದ, ಅಣ್ಣಿಗೇರಿ ಕಡೆಯ ಬೆಳವಲದ ಎರೆ ಹೊಲದಲ್ಲಿ ನಿಂತರೆ ಕಣ್ಣು ಹರಿಯುವಷ್ಟು ದೂರ ಒಂದು ಗಿಡ ಕಾಣದು. ಅತ್ತ ನಮ್ಮ ಮಲ್ಲಾಡದಲ್ಲಿ ಹೊಲದ ಬದುವಿನಾಚೆಗೇ ಸಾಗವಾನಿ. ಬೆಳವಲದವರಿಗೆ ಚಿಗರಿಯ ಕಾಟ, ನಮಗೆ ಹಂದಿಯ ಕಾಟ. ಹೆಸರು ಹೂ ಬಿಡುವ ಹೊತ್ತಿಗೆ ಚಿಗರಿ ಹಿಂಡು ಬಂದರೆ ನವಲಗುಂದದ ರೈತ ಡಬ್ಬಿ ಬಾರಿಸಬಹುದು, ಕೂಗಬಹುದು, ಅಷ್ಟೇ. 1972ರ ವನ್ಯಜೀವಿ ಕಾಯ್ದೆಯಲ್ಲಿ ಚಿಗರಿ ಮೊದಲ ಪಟ್ಟಿಯ ಪ್ರಾಣಿ. ನಮ್ಮ ಕಡೆ ಗೋವಿನಜೋಳ ಹಾಲುಗಾಳಾದಾಗ ಹಂದಿ ಒಂದು ರಾತ್ರಿ ನುಗ್ಗಿತೆಂದರೆ ಬೆಳಿಗ್ಗೆ ಹೊಲ ರೋಣಗಲ್ಲು ಹೊಡೆದ ಹಾಗಿರುತ್ತದೆ. ಅದಕ್ಕೇ ಅಜ್ಜನಿಗೆ ಬೆಳೆ ರಕ್ಷಣೆಯ ಲೈಸೆನ್ಸು, ಒಂದೇ ನಳಿಗೆಯ, ಬಾಯಿಯಿಂದ ಮದ್ದು ತುಂಬುವ ನಾಡಬಂದೂಕು. ಸರಕಾರಿ ಕಾಗದದಲ್ಲಿ ಅದಕ್ಕೆ ಎಸ್‌ಬಿಎಂಎಲ್ ಅಂತ ಹೆಸರು. ಮಳೆಗಾಲದ ರಾತ್ರಿ ಅಟ್ಟದ ಮೇಲೆ ಕೂತು ಅವನು ಅದನ್ನು ಆಕಾಶಕ್ಕೆ ಹಾರಿಸುತ್ತಿದ್ದ. ಸಪ್ಪಳಕ್ಕೇ ಹಂದಿ ಓಡುತ್ತಿದ್ದವು, ಎರಡು ದಿನ ಬಿಟ್ಟು ಮತ್ತೆ ಬರುತ್ತಿದ್ದವು.

ಮನೆಯಲ್ಲಿ ಬಂದೂಕು ಪಡಸಾಲೆಯ ಎರಡು ಗೂಟಗಳ ಮೇಲೆ ಅಡ್ಡ ಮಲಗಿರುತ್ತಿತ್ತು. ಅದರ ಎದುರಿಗೇ ನಮ್ಮ ತೊಟ್ಟಿಲು. ಕಲಘಟಗಿ ತೊಟ್ಟಿಲು ಅಂದರೆ ಹುಬ್ಬಳ್ಳಿ-ಧಾರವಾಡದಿಂದ ಮುಂಬಯಿತನಕ ಹೆಸರು. ಅರಗಿನ ಬಣ್ಣ ಹಾಕಿ ಕೃಷ್ಣನ ಆಟ, ರಾಮಾಯಣ ಬರೆದ ಆ ತೊಟ್ಟಿಲಲ್ಲಿ ನಮ್ಮಪ್ಪ, ನಾನು, ನನ್ನ ತಮ್ಮ, ಆಮೇಲೆ ಅವನ ಮಗಳು ಎಲ್ಲರೂ ಮಲಗಿದ್ದೇವೆ. ಬಣ್ಣ ಇನ್ನೂ ಹೋಗಿಲ್ಲ. ಒಂದು ಗೋಡೆಗೆ ಬಂದೂಕು, ಅದರ ಎದುರು ತೊಟ್ಟಿಲು. ಆಗ ಯಾರಿಗೂ ಅದು ವಿಶೇಷ ಅನಿಸಿರಲಿಲ್ಲ. ಅಜ್ಜ ಮಾತ್ರ ನಳಿಗೆಯ ಬಾಯಿ ಹೊರಗೋಡೆಯ ಕಡೆಗೇ ಇರಬೇಕು ಅಂತ ಪಟ್ಟು ಹಿಡಿದಿದ್ದ. ಅಮ್ಮ ಜಾಡು ತೆಗೆಯುವಾಗ ಒಮ್ಮೆ ತಿರುಗಿಸಿ ಇಟ್ಟದ್ದಕ್ಕೆ ಊಟ ಬಿಟ್ಟು ಎದ್ದು ಬಂದು ಸರಿಮಾಡಿದ್ದ.

ಈಗ ಮಾತಿಗೆ ಬರುತ್ತೇನೆ. ಪೇಪರಿನಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ: ಬಂದೂಕು ಮಿಸ್‌ಫೈರ್ ಆಗಿ ಇಂಥವರ ಸಾವು. ಬ್ಯಾಂಕಿನ ಕಾವಲುಗಾರನ ಡಬಲ್ ಬ್ಯಾರಲ್ ಇರಬಹುದು, ಠಾಣೆಯಲ್ಲಿ ಒರೆಸುತ್ತಿದ್ದ ರೈಫಲ್ ಇರಬಹುದು, ಕೊಡಗಿನ ತೋಟದ ಕೋವಿ ಇರಬಹುದು. ಎಲ್ಲಕ್ಕೂ ಇದೇ ಮಾತು. 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬಯಿಯಲ್ಲಿ ಹಿಂದಿ ನಟ ಗೋವಿಂದ ಅವರ ಕಾಲಿಗೆ ಅವರದೇ ಲೈಸೆನ್ಸಿನ ರಿವಾಲ್ವರಿನ ಗುಂಡು ತಾಗಿದಾಗಲೂ ನಮ್ಮ ಟೀವಿಗಳು ದಿನವಿಡೀ ಮಿಸ್‌ಫೈರ್ ಅಂದವು. ಆದರೆ ಮಿಸ್‌ಫೈರ್ ಅಂದರೆ ಹಾರದೆ ಹೋಗುವುದು. ಬಂದೂಕಿನ ಕುದುರೆ ಬಿತ್ತು, ಕಿಡಿ ಕೊಡುವ ಕೇಪಿಗೆ ಬಡಿಯಿತು, ಮದ್ದು ಹೊತ್ತಲಿಲ್ಲ: ಅದು ಮಿಸ್‌ಫೈರ್. ಹಾರಬಾರದ ಹೊತ್ತಿನಲ್ಲಿ ಹಾರಿದ್ದಕ್ಕೆ ನಾವು ಹಾರದೆ ಉಳಿದದ್ದರ ಹೆಸರು ಕೊಟ್ಟುಬಿಟ್ಟಿದ್ದೇವೆ. ಇದು ಬರೀ ಭಾಷೆಯ ತಪ್ಪಾಗಿದ್ದರೆ ನಾನು ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ. ಮಿಸ್‌ಫೈರ್ ಅಂದ ಕೂಡಲೆ ತಪ್ಪು ಯಂತ್ರದ್ದಾಗುತ್ತದೆ, ಕೈ ಮರೆಯಾಗುತ್ತದೆ. ಸತ್ತವನ ಹೆಂಡತಿಗೂ ಹಾಗೇ ಹೇಳುತ್ತಾರೆ, ಅವಳೂ ಅದನ್ನು ನಂಬಿಕೊಂಡು ಹಣೆಬರಹ ಅನ್ನುತ್ತಾಳೆ.

ಕನ್ನಡದಲ್ಲಿ ಹಕ್ಕಿ ಹಾರುತ್ತದೆ, ಬಟ್ಟೆಯ ಬಣ್ಣ ಹಾರುತ್ತದೆ, ಪ್ರಾಣ ಹಾರುತ್ತದೆ, ಗುಂಡೂ ಹಾರುತ್ತದೆ. ಹಾರಿಸಿದವನಿಲ್ಲದೆ ವಾಕ್ಯ ಮುಗಿಯುತ್ತದೆ. ನಮ್ಮ ಕಡೆ ಬಾರ ಅನ್ನುವ ಮಾತಿದೆ. ತುಂಬಿದ ಮದ್ದಿಗೂ ಅದೇ, ಹಾರಿದ ಸಪ್ಪಳಕ್ಕೂ ಅದೇ. ಅಜ್ಜನ ಮುಂದೆ ಯಾರಾದರೂ ‘ಬಾರ ಹಾರ್ತು’ ಅಂದರೆ ಅವನು ತಕ್ಷಣ ಕೇಳುತ್ತಿದ್ದ: ‘ಯಾರು ಹಾರಿಸಿದ್ರು?’ ಮಾತಿನ ನಡುವೆ ತಡೆದು ಕೇಳುವ ಈ ಚಾಳಿಗೆ ಓಣಿಯ ಜನ ಬೇಜಾರಾಗುತ್ತಿದ್ದರು. ಈಗ ನನಗೆ ಅದೇ ಚಾಳಿ ಬಂದಿದೆ.

ಅವನು ಬಂದೂಕು ತುಂಬುವುದನ್ನು ನಾನು ಹತ್ತಾರು ಸಲ ನೋಡಿದ್ದೇನೆ. ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ, ಮುಖ ಒಂದು ಪಕ್ಕಕ್ಕೆ ಸರಿಸಿ, ಬಿದಿರಿನ ಅಳತೆಗೊಳವೆಯಿಂದ ಕರಿಮದ್ದು ಹಾಕುತ್ತಿದ್ದ. ಕರಿಮದ್ದಿನಲ್ಲಿ ಇರುವುದು ಮೂರೇ: ನೂರು ಪಾಲಿನಲ್ಲಿ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಅದರ ಮೇಲೆ ತೆಂಗಿನ ನಾರಿನ ಉಂಡೆ. ಗಜದಿಂದ ಜಡಿತ, ಮೊದಮೊದಲು ಮೆತ್ತಗೆ ಕೇಳುವ ಸಪ್ಪಳ ಆಮೇಲೆ ಗಟ್ಟಿಯಾಗಿ, ಗಜ ತಾನೇ ಮೇಲಕ್ಕೆ ಪುಟಿಯುವತನಕ. ಆಮೇಲೆ ಸೀಸದ ಚರೆ, ಮತ್ತೊಂದು ನಾರಿನ ಉಂಡೆ, ಮತ್ತೆ ಜಡಿತ. ಇಷ್ಟಾದರೂ ಬಂದೂಕು ಇನ್ನೂ ಸುಮ್ಮನಿರುವ ವಸ್ತುವೇ. ಹಿಂಭಾಗದಲ್ಲಿ ಮೊಲೆತೊಟ್ಟಿನಂಥ ಒಂದು ಸಣ್ಣ ಉಬ್ಬಿದೆ, ಅದರಲ್ಲಿ ಸೂಜಿ ಹೋಗುವಷ್ಟು ತೂತು. ಅದರ ಮೇಲೆ ತಾಮ್ರದ ಟೊಪ್ಪಿಗೆಯಂತೆ ಕೇಪು ಕೂಡಿಸಬೇಕು. ಕೊನೆಗೆ ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆ ಎಳೆಯಬೇಕು.

ಕುದುರೆ ಅಂದದ್ದು ಸುತ್ತಿಗೆಯಂಥ ಆ ತುಂಡಿಗೆ. ಕತ್ತು ಬಾಗಿಸಿ ನಿಂತ ಕುದುರೆಯ ಹಾಗೇ ಕಾಣುತ್ತದೆ. ಒಳಗೆ ಒಂದು ದಪ್ಪ ಸ್ಪ್ರಿಂಗಿದೆ. ಕುದುರೆ ಎಳೆದಾಗ ಅದು ಮಣಿದು ಬಿಗಿಯುತ್ತದೆ, ಒಂದು ಉಕ್ಕಿನ ಹಲ್ಲು ಕುದುರೆಯ ಬುಡದ ಕಚ್ಚಿನೊಳಗೆ ಸಿಕ್ಕಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಬೆರಳು ಮಾಡುವ ಕೆಲಸ ಇಷ್ಟೇ: ಆ ಹಲ್ಲನ್ನು ಕಚ್ಚಿನಿಂದ ಜಾರಿಸುವುದು. ಅಜ್ಜ ಬಿಡಿಸಿ ತೋರಿಸಿದಾಗ ಆ ಹಲ್ಲು ನನ್ನ ಕಿರುಬೆರಳಿನ ಉಗುರಿಗಿಂತ ದೊಡ್ಡದಿರಲಿಲ್ಲ. ಕಚ್ಚುಗಳು ಎರಡಿದ್ದವು. ಪೂರ್ತಿ ಎಳೆದಾಗ ಹಿಡಿಯುವುದು ಒಂದು, ಅರ್ಧಕ್ಕೇ ಹಿಡಿಯುವುದು ಇನ್ನೊಂದು. ಅರ್ಧದ ಕಚ್ಚು ಆಳವಾಗಿರುತ್ತದೆ, ಅಲ್ಲಿ ಕುದುರೆ ಇದ್ದಾಗ ಬೆರಳು ಎಳೆದರೂ ಬೀಳಬಾರದು. ‘ಬೀಳಬಾರದು’ ಅಂದೆ. ಐವತ್ತು ವರ್ಷ ಉಜ್ಜಿ ಸವೆದ ಕಚ್ಚು ಏನು ಮಾಡುತ್ತದೆ ಅನ್ನುವುದು ಬೇರೆ ಮಾತು. ಊರ ಕಮ್ಮಾರ ಅರ ಹಾಕಿ ತಿದ್ದಿದ್ದರೆ ಇನ್ನೂ ಬೇರೆ ಮಾತು.

ಹೀಗಾಗಿ ಬಂದೂಕು ತಾನಾಗಿ ಹಾರಿತು ಅಂದರೂ ಅದಕ್ಕೆ ಮೊದಲು ಮೂರು ಕೆಲಸ ಆಗಿರಬೇಕು. ಯಾರೋ ಮದ್ದು ತುಂಬಿರಬೇಕು, ಯಾರೋ ಕೇಪು ಇಟ್ಟಿರಬೇಕು, ಯಾರೋ ಸ್ಪ್ರಿಂಗು ಬಿಗಿದಿರಬೇಕು ಇಲ್ಲವೆ ಕುದುರೆಯನ್ನು ಕೇಪಿನ ಮೇಲೇ ಒರಗಿಸಿ ಬಿಟ್ಟಿರಬೇಕು. ಈ ಕೊನೆಯದು ಬಹಳ ಜನಕ್ಕೆ ಗೊತ್ತಿಲ್ಲ. ಕುದುರೆ ಕೆಳಗಿದ್ದರೆ ಬಂದೂಕು ಶಾಂತವಾಗಿದೆ ಅಂತ ತಿಳಿಯುತ್ತಾರೆ. ಕೇಪಿನ ಮೇಲೆ ಒರಗಿದ ಕುದುರೆಯ ಬೆನ್ನಿಗೆ ಒಂದು ಏಟು ಬಿದ್ದರೆ ಸಾಕು. ಬಂಡಿಯಿಂದ ಇಳಿಯುವಾಗ ಜಾರಿ ಕಲ್ಲಿಗೆ ಬಡಿದರೆ, ಬೇಲಿ ದಾಟುವಾಗ ಕೊಂಬೆಗೆ ಸಿಕ್ಕಿ ಬಿಟ್ಟರೆ, ಗುಂಡು ಹಾರಿಯೇ ಹಾರುತ್ತದೆ. ಅಲ್ಲಿ ಬೆರಳು ಇರುವುದಿಲ್ಲ, ನಿಜ. ಅಮೆರಿಕದ ಹೆಸರಾಂತ ಬಂದೂಕುಗಾರ ವ್ಯಾಟ್ ಅರ್ಪ್‌ಗೇ ಇದು ಆಗಿದೆ. 1876ರ ಜನವರಿಯಲ್ಲಿ ವಿಚಿಟಾ ಎಂಬ ಊರಿನಲ್ಲಿ ಕುರ್ಚಿಯ ಮೇಲೆ ಕೂತಿದ್ದಾಗ ಅವನ ರಿವಾಲ್ವರು ಸೊಂಟದಿಂದ ಜಾರಿ ಬಿದ್ದು, ಕುದುರೆ ಕುರ್ಚಿಗೆ ಬಡಿದು, ಗುಂಡು ಅವನ ಕೋಟನ್ನು ತೂರಿ ಗೋಡೆಗೆ ಸವರಿ ಮಾಳಿಗೆ ದಾಟಿ ಹೋಯಿತು. ಆರು ಗುಂಡಿನ ರಿವಾಲ್ವರಿಗೆ ಐದೇ ತುಂಬಿ ಕುದುರೆಯ ಕೆಳಗಿನ ಮನೆಯನ್ನು ಖಾಲಿ ಬಿಡುವ ರೂಢಿ ಆ ಕಾಲದ ತಿಳಿದವರಲ್ಲಿ ಇದ್ದದ್ದು ಇದೇ ಕಾರಣಕ್ಕೆ.

ಎರಡನೆಯ ಮಹಾಯುದ್ಧದ ಸ್ಟೆನ್ ಗನ್ ಇನ್ನೊಂದು. 1941ರಿಂದ ಬ್ರಿಟಿಷ್ ಸೇನೆಗೆ ಲಕ್ಷಗಟ್ಟಲೆ ಮಾಡಿಕೊಟ್ಟ ಅಗ್ಗದ ಬಂದೂಕು ಅದು. ಅದರೊಳಗಿನ ಭಾರವಾದ ಬೋಲ್ಟು ಮುಂದಕ್ಕೆ ಜಿಗಿದಾಗಲೇ ತೋಟಾ ಒಳಸೇರಿ ಹಾರುವುದು. ತೋಟಾ ತುಂಬಿದ ಸ್ಟೆನ್ನನ್ನು ಹಿಡಿ ಕೆಳಗಾಗಿ ನೆಲಕ್ಕೆ ಕುಕ್ಕಿದರೆ ಬೋಲ್ಟು ತನ್ನ ಭಾರಕ್ಕೆ ಹಿಂದೆ ಸರಿದು ಮುಂದೆ ಬಂದು ಹಾರಿಬಿಡುತ್ತಿತ್ತು. ಈ ಕಾಲದಲ್ಲೂ ಇದು ಮುಗಿದಿಲ್ಲ: ಸಿಗ್ ಕಂಪನಿಯ ಪಿ320 ಪಿಸ್ತೂಲು ಒಂದು ಓರೆಯಲ್ಲಿ ಕೆಳಗೆ ಬಿದ್ದರೆ ಹಾರುತ್ತದೆ ಅಂತ 2017ರಲ್ಲಿ ಗೊತ್ತಾಗಿ ಕಂಪನಿ ಒಳಗಿನ ಭಾಗಗಳನ್ನು ಬದಲಿಸಿಕೊಡಲು ಮುಂದಾಯಿತು. ಅಂದರೆ ಯಂತ್ರದ ದೋಷ ಎಂಬುದು ಇಲ್ಲವೇ ಇಲ್ಲ ಅಂತ ನಾನು ವಾದಿಸುತ್ತಿಲ್ಲ. ಇದೆ, ಅದನ್ನು ಬಿಚ್ಚಿ ನೋಡಿ, ಬೀಳಿಸಿ ನೋಡಿ, ಇಂಥ ಹಲ್ಲು ಇಂಥ ಕಚ್ಚಿನಿಂದ ಹೀಗೆ ಜಾರಿತು ಅಂತ ತೋರಿಸಬಹುದು. ತೋರಿಸಬೇಕು ಕೂಡ. ತೋರಿಸದೆ ತಾನಾಗಿ ಹಾರಿತು ಅಂದುಬಿಟ್ಟರೆ ಅದನ್ನು ನಾನು ಒಪ್ಪಲಾರೆ.

ಬಿಸಿಲಿಗೆ ಬಂದೂಕು ಹಾರುತ್ತದೆ ಅನ್ನುವವರಿದ್ದಾರೆ. ಏಪ್ರಿಲ್ ತಿಂಗಳ ಅಣ್ಣಿಗೇರಿಯ ಬಿಸಿಲು ನೋಡಿದವರಿಗೆ ಹಾಗೆ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿಯ ಬಿಸಿಲು 40 ಡಿಗ್ರಿ, ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ 60-70. ತೋಟಾದೊಳಗಿನ ಹೊಗೆಯಿಲ್ಲದ ಮದ್ದು ಹೊತ್ತಿಕೊಳ್ಳಲು ಸುಮಾರು 170 ಡಿಗ್ರಿ ಬೇಕು, ಕರಿಮದ್ದಿಗೆ 300ಕ್ಕೂ ಹೆಚ್ಚು. ಬೆರಳಿಲ್ಲದೆ ಬರೀ ಕಾವಿಗೆ ಗುಂಡು ಹಾರುವುದು ನೂರಾರು ಸುತ್ತು ಬಿಡದೆ ಹಾರಿಸಿ ನಳಿಗೆ ಕಾದ ಮಷಿನ್‌ಗನ್ನಿನಲ್ಲಿ. ಒಲೆಗೆ ಬಿದ್ದ ಬಿಡಿ ತೋಟಾ ಎದುರಿದ್ದವರ ಎದೆ ಸೀಳುತ್ತದೆ ಅನ್ನುವ ಮಾತೂ ಸರಿಯಲ್ಲ. ನಳಿಗೆಯ ಬಿಗಿಯಿಲ್ಲದೆ ಗುಂಡಿಗೆ ವೇಗ ಬರುವುದಿಲ್ಲ. ಸಿಡಿದ ಹಿತ್ತಾಳೆಯ ಚೂರು ಕಣ್ಣಿಗೆ ಹೋದೀತು, ಅದರ ಅಂಜಿಕೆ ಇರಬೇಕು. ತುಂಬಿದ ಬಂದೂಕನ್ನೇ ಹೊಗೆಯಾಡುವ ಒಲೆಯ ಮೇಲಿನ ಅಟ್ಟದಲ್ಲಿಟ್ಟು, ಆ ಅಟ್ಟಕ್ಕೆ ಬೆಂಕಿ ಹತ್ತಿದರೆ ಮಾತ್ರ ಅದು ನಿಜವಾಗಿ ಹಾರುತ್ತದೆ.

ಸೇಫ್ಟಿ ಹಾಕಿದೆ, ಇನ್ನೇನು ಆಗದು ಅನ್ನುವ ಧೈರ್ಯ ಇದಕ್ಕಿಂತ ಕೆಟ್ಟದ್ದು. ಹಳೆಯ ಹನ್ನೆರಡು ಬೋರಿನ ಎಷ್ಟೋ ಬಂದೂಕುಗಳಲ್ಲಿ ಸೇಫ್ಟಿ ಬೆರಳಿನ ಕೊಂಡಿಯನ್ನಷ್ಟೇ ಕಟ್ಟಿಹಾಕುತ್ತದೆ. ಒಳಗೆ ಎಳೆದು ನಿಂತ ಕುದುರೆಗೂ ಅದಕ್ಕೂ ಸಂಬಂಧವೇ ಇಲ್ಲ. ಜೋರಾಗಿ ಕುಕ್ಕಿದರೆ ಹಲ್ಲು ಜಾರಬಹುದು. ಬೋರಿನ ಲೆಕ್ಕ ಎತ್ತಿದ್ದಕ್ಕೆ ಹೇಳುತ್ತೇನೆ, ನಳಿಗೆಯ ಬಾಯಿಗೆ ಸರಿಹೋಗುವ ಸೀಸದ ಗುಂಡು ಒಂದು ಪೌಂಡಿಗೆ ಹನ್ನೆರಡು ತೂಗಿದರೆ ಅದು ಹನ್ನೆರಡು ಬೋರು. ಸಂಖ್ಯೆ ದೊಡ್ಡದಾದಷ್ಟೂ ಬಾಯಿ ಸಣ್ಣದು. ಅಜ್ಜನಿಂದ ಕಲಿತ ಲೆಕ್ಕ ಇದು. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ತೂಕ ಬರುತ್ತಿತ್ತು.

ಹಾರಿಸಿದರೂ ಹಾರದಿದ್ದಾಗ ಅಜ್ಜ ಮಾಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಕುದುರೆ ‘ಚಟ್’ ಅಂದಿತು, ಮದ್ದು ಹೊತ್ತಲಿಲ್ಲ. ಅವನು ಬಂದೂಕನ್ನು ಭುಜದಿಂದ ಇಳಿಸುತ್ತಿರಲಿಲ್ಲ. ಬಾಯಿ ಆಕಾಶಕ್ಕೇ ಹಿಡಿದು ಒಂದು, ಎರಡು ಅಂತ ನೂರು ಎಣಿಸುತ್ತಿದ್ದ. ಮದ್ದು ತಂಪು ಹಿಡಿದಿದ್ದರೆ, ತೂತಿನಲ್ಲಿ ಮಸಿ ಕಟ್ಟಿದ್ದರೆ, ಕಿಡಿ ಒಳಗೆ ತೆವಳುತ್ತಾ ಹೋಗಿ ತಡವಾಗಿ ಹೊತ್ತಿಸುವುದುಂಟು. ಒಮ್ಮೆ ಏಳಕ್ಕೆ ಬಂದಾಗ ಹಾರಿದ್ದನ್ನು ನಾನೇ ಕಂಡಿದ್ದೇನೆ. ಎಣಿಸದೆ ಕೆಳಗಿಳಿಸಿ ಬಾಯೊಳಗೆ ಇಣುಕಿದ್ದರೆ ನಮ್ಮ ಮನೆಯಲ್ಲೂ ಆ ದಿನ ‘ತಾನಾಗಿ ಹಾರ್ತು’ ಅಂತ ಕಥೆ ಹುಟ್ಟುತ್ತಿತ್ತು. ಈಚೆಗೆ ಹೊಲಗಳಲ್ಲಿ ಮಂಗ, ಹಕ್ಕಿ ಓಡಿಸಲು ಪ್ಲಾಸ್ಟಿಕ್ ಪೈಪಿನ ಕಾರ್ಬೈಡ್ ಗನ್ ಬಂದಿದೆ. ಕಾರ್ಬೈಡಿನ ತುಂಡಿಗೆ ನೀರು ತಾಗಿ ಅಸಿಟಿಲೀನ್ ಅನಿಲ ತುಂಬುತ್ತದೆ, ಲೈಟರಿನ ಕಿಡಿಗೆ ಢಂ ಅನ್ನುತ್ತದೆ. 2025ರ ದೀಪಾವಳಿಯಲ್ಲಿ ಭೋಪಾಲದ ಕಡೆ ಮಕ್ಕಳು ಅದನ್ನೇ ಪಟಾಕಿ ಮಾಡಿಕೊಂಡರು. ಹಾರಲಿಲ್ಲವಲ್ಲ ಅಂತ ಪೈಪಿನೊಳಗೆ ಇಣುಕಿದ ಎಷ್ಟೋ ಮಕ್ಕಳ ಕಣ್ಣು ಸುಟ್ಟವು. ಕುಂದಗೋಳ ಸಂತೆಗೆ ಹೋದಾಗ ಒಬ್ಬ ಹುಡುಗ ಅಂಥ ಪೈಪು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ನಾನು ಬಸ್ಸು ಬಿಟ್ಟು ಇಳಿದು ಅವನಿಗೆ ನೂರು ಎಣಿಸುವುದನ್ನು ಹೇಳಿ ಬಂದೆ. ಮುಂದಿನ ಬಸ್ಸಿಗೆ ಒಂದು ತಾಸು ಕಾಯಬೇಕಾಯಿತು.

ಇನ್ನು ಎಲ್ಲಕ್ಕಿಂತ ಹೆಚ್ಚು ಜೀವ ತೆಗೆದ ಮಾತು: ‘ಖಾಲಿ ಐತಿ.’

ನ್ಯೂ ಮೆಕ್ಸಿಕೋದ ಸಿನಿಮಾ ಸೆಟ್ಟಿನಲ್ಲಿ 2021ರ ಅಕ್ಟೋಬರ್ 21ರಂದು ನಟ ಅಲೆಕ್ ಬಾಲ್ಡ್ವಿನ್ ಕೈಯಲ್ಲಿದ್ದ ರಿವಾಲ್ವರಿನ ಗುಂಡಿಗೆ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತಳು. ಅದು ಖಾಲಿ ಅಂತ ಕೂಗಿ ಹೇಳಿಯೇ ಅವನ ಕೈಗೆ ಕೊಟ್ಟಿದ್ದರು. ತಾನು ಬೆರಳು ಎಳೆಯಲೇ ಇಲ್ಲ ಅಂತ ಅವನು ಹೇಳಿದ. ಬೆರಳಿನ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು. ನನಗೆ ಆ ವಾದಕ್ಕಿಂತ ಖಾಲಿ ಅಂದ ಆ ಒಂದು ಕೂಗು ಕಾಡುತ್ತದೆ. ಕೂಗಿದವರು ಪೂರ್ತಿ ನೋಡಿರಲಿಲ್ಲ, ತೆಗೆದುಕೊಂಡವನೂ ನೋಡಲಿಲ್ಲ.

ಬಾಯಿಯಿಂದ ತುಂಬುವ ಬಂದೂಕಿನಲ್ಲಿ ಇದು ಇನ್ನೂ ಮೋಸದ್ದು. ಡಬಲ್ ಬ್ಯಾರಲ್ಲಾದರೆ ಮುರಿದು ನೋಡಬಹುದು, ತೋಟಾ ಇದ್ದರೆ ಹಿತ್ತಾಳೆ ಮಿಂಚುತ್ತದೆ. ನಾಡಬಂದೂಕು ತುಂಬಿದ್ದರೂ ಹಾಗೇ, ಖಾಲಿಯಿದ್ದರೂ ಹಾಗೇ; ಬಾಯೊಳಗೆ ನೋಡಿದರೆ ಕತ್ತಲೆ. ಸುಲಭವಾಗಿ ಖಾಲಿ ಮಾಡಲೂ ಬರುವುದಿಲ್ಲ. ಒಂದೋ ಹಾರಿಸಬೇಕು, ಇಲ್ಲವೆ ಗಜದ ತುದಿಗೆ ತಿರುಪು ಸಿಕ್ಕಿಸಿ ನಾರಿನ ಉಂಡೆಯನ್ನು ಕೊರೆದು ಎಳೆದು ತೆಗೆಯಬೇಕು. ಹಂದಿ ಬರುತ್ತದೆ ಅಂತ ಸಂಜೆ ತುಂಬುತ್ತಾರೆ, ಹಂದಿ ಬರುವುದಿಲ್ಲ, ಬೆಳಿಗ್ಗೆ ಮದ್ದು ಹಾಳಾದೀತೆಂದು ಹಾಗೇ ತೂಗುಹಾಕುತ್ತಾರೆ. ಕೇಪು ತೆಗೆದಿದ್ದೇನಲ್ಲ ಅನ್ನುವ ಸಮಾಧಾನ ಬೇರೆ. ತಿಂಗಳು ಕಳೆಯುತ್ತದೆ. ಮನೆಗೆ ಬಂದ ನೆಂಟರ ಹುಡುಗನೊಬ್ಬ ಕೇಪು ಸಿಕ್ಕಿಸಿ ‘ಚಟ್’ ಅನಿಸಿ ನೋಡುತ್ತಾನೆ. ಅಲ್ಲಿಗೆ ಪೇಪರಿನವರ ಮಿಸ್‌ಫೈರ್.

ಖಂಡೇನವಮಿಗೆ ನಮ್ಮ ಕಡೆ ಕೂರಿಗೆ, ಕುಡ, ಕುಡಗೋಲು, ಒನಕೆ ಎಲ್ಲ ತೊಳೆದು ಸಾಲಾಗಿಟ್ಟು ಪೂಜೆ ಮಾಡುತ್ತೇವೆ. ಅವುಗಳ ಜೊತೆ ಬಂದೂಕೂ ಇಳಿಯುತ್ತಿತ್ತು. ವಿಭೂತಿ, ಚೆಂಡುಹೂವಿನ ಸರ. ಪೂಜೆ ಮುಗಿದ ಮೇಲೆ ನಮ್ಮ ಸೋದರಮಾವ ಹುಬ್ಬಳ್ಳಿಯಿಂದ ತಂದ ಕೇಪುಗಳನ್ನು ಒಂದೊಂದಾಗಿ ಸಿಕ್ಕಿಸಿ ಬರೀ ಕೇಪು ಸಿಡಿಸುತ್ತಿದ್ದ, ಮಕ್ಕಳು ಕುಣಿಯುತ್ತಿದ್ದವು. ಅದಕ್ಕೂ ಮೊದಲು ಅಜ್ಜ ಗಜ ತೆಗೆದು ನಳಿಗೆಯೊಳಗೆ ಬಿಟ್ಟು, ಕಣ್ಣು ಕಿರಿದು ಮಾಡಿ ನೋಡಿ, ತಲೆ ಆಡಿಸಬೇಕು. ಅವನು ತಲೆ ಆಡಿಸದೆ ಯಾರೂ ಮುಟ್ಟುವಂತಿರಲಿಲ್ಲ. ಆಗ ಕಂಡುಕೊಂಡೆ ಆ ದಾರದ ಗುಟ್ಟು. ಖಾಲಿ ನಳಿಗೆಯೊಳಗೆ ಗಜ ಬುಡ ಮುಟ್ಟಿದಾಗ ದಾರ ಸರಿಯಾಗಿ ನಳಿಗೆಯ ಬಾಯಂಚಿಗೆ ನಿಲ್ಲುತ್ತದೆ. ಒಳಗೆ ಮದ್ದಿದ್ದರೆ ಗಜ ಮೊದಲೇ ತಡೆದು ದಾರ ಮೇಲೆ ಉಳಿಯುತ್ತದೆ. ಚುನಾವಣೆ ಬಂದು, ಲೈಸೆನ್ಸಿನ ಬಂದೂಕೆಲ್ಲ ಠಾಣೆಗೆ ಒಪ್ಪಿಸಿರಿ ಅಂತ ಕಲೆಕ್ಟರ ಆದೇಶ ಹೊರಟಾಗಲೂ ಮನೆಯಂಗಳದಲ್ಲೇ ದಾರ ನೋಡಿ, ಆಮೇಲೆ ಬಂದೂಕನ್ನು ಗೋಣಿಯಲ್ಲಿ ಸುತ್ತುತ್ತಿದ್ದ.

ಕಾನೂನಿನವರು ಈ ವಿಷಯವನ್ನು ಕೊಡಲಿಯಿಂದ ಹೇಳಿದ್ದಾರೆ ಅಂತ ತಿಳಿದಾಗ ನನಗೆ ಖುಷಿಯಾಯಿತು. 1860ರ ದಂಡಸಂಹಿತೆಯ 80ನೇ ಕಲಮಿಗೆ ಒಂದು ಉದಾಹರಣೆ ಕೊಟ್ಟಿದ್ದರು: ಒಬ್ಬ ಕೊಡಲಿಯಿಂದ ಕೆಲಸ ಮಾಡುತ್ತಿದ್ದಾನೆ, ಕೊಡಲಿಯ ತಲೆ ಕಳಚಿ ಹಾರಿ ಪಕ್ಕದಲ್ಲಿ ನಿಂತವನಿಗೆ ತಾಗಿ ಅವನು ಸಾಯುತ್ತಾನೆ, ಕೆಲಸ ಮಾಡುವವನು ತಕ್ಕ ಎಚ್ಚರ ವಹಿಸಿದ್ದರೆ ಅದು ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಯಾದ ನ್ಯಾಯಸಂಹಿತೆಯ 18ನೇ ಕಲಮಿನಲ್ಲೂ ಆ ಕೊಡಲಿ ಹಾಗೇ ಇದೆ. ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾವು ಒಣಗಿ ಸಡಿಲಾಗಿದ್ದರೆ ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಯಿಡುತ್ತೇವೆ, ಬೆಣೆ ಹೊಡೆಯುತ್ತೇವೆ, ಎದುರು ನಿಂತ ಹುಡುಗನಿಗೆ ಅತ್ತ ಸರಿ ಅನ್ನುತ್ತೇವೆ. ಇಷ್ಟು ಮಾಡಿಯೂ ಹಾರಿದರೆ ಅದು ದೈವ. ಮಾಡದೆ ಹಾರಿದರೆ ಬೇರೆ ಕಲಮು: ಅಜಾಗರೂಕತೆಯಿಂದ ಸಾವು. ಹಳೆಯ 304ಎ ಕಲಮಿನಲ್ಲಿ ಅದಕ್ಕೆ ಹೆಚ್ಚೆಂದರೆ ಎರಡು ವರ್ಷ ಇತ್ತು, ಹೊಸ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಇದೆ. ಕೊಡಲಿಗೆ ನಾವು ಸಹಜವಾಗಿ ಕೇಳುವ ಪ್ರಶ್ನೆಯನ್ನು ಬಂದೂಕಿಗೆ ಯಾಕೆ ಕೇಳುವುದಿಲ್ಲವೋ.

ಕೇಳದೆ ಇರುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ದೊಡ್ಡ ಗಾಯವಿದೆ. 1980ರ ಜುಲೈ 21. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ತಂದಿದ್ದರು. ನೀರು ಎಲ್ಲರ ಹೊಲಕ್ಕೆ ಸರಿಯಾಗಿ ಮುಟ್ಟುವ ಮೊದಲೇ ಭೂಮಿ ಸುಧಾರಿಸಿತೆಂದು ಬೆಟರ್‌ಮೆಂಟ್ ಲೆವಿ ಹೇರಿದರು. ಹತ್ತಿಯ ಬೆಲೆ ಬಿದ್ದಿತ್ತು. ನವಲಗುಂದ, ನರಗುಂದ ಎರಡೂ ಕಡೆ ರೈತರು ತಹಸೀಲ್ದಾರ ಕಚೇರಿಯ ಮುಂದೆ ಸೇರಿದರು. ಆಗ ಎರಡೂ ಊರು ಒಂದೇ ಧಾರವಾಡ ಜಿಲ್ಲೆ. 1997ರಲ್ಲಿ ಗದಗ ಜಿಲ್ಲೆ ಬೇರೆಯಾಗಿ ನರಗುಂದ ಅತ್ತ ಸೇರಿತು. ಆ ದಿನ ಪೊಲೀಸರ ಗುಂಡಿಗೆ ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಸತ್ತರು. ಸಿಟ್ಟಿಗೆದ್ದ ಜನರ ಕೈಯಲ್ಲಿ ನರಗುಂದದಲ್ಲಿ ಪೊಲೀಸರೂ ಸತ್ತರು. ರಾಜ್ಯದ ರೈತ ಚಳವಳಿ ಎದ್ದು ನಿಂತದ್ದು ಆ ದಿನದಿಂದ. ಪ್ರತಿವರ್ಷ ಜುಲೈ 21ಕ್ಕೆ ಹಸಿರು ಶಾಲಿನವರು ಬಂದು ಹುತಾತ್ಮರ ಕಲ್ಲಿಗೆ ಹಾರ ಹಾಕುತ್ತಾರೆ.

ಆ ದಿನದ ಬಗ್ಗೆ ಹಿರಿಯರನ್ನು ಕೇಳಿ ನೋಡಿರಿ. ‘ಗೋಲಿಬಾರ್ ಆತು’ ಅನ್ನುತ್ತಾರೆ. ಮಳೆ ಆತು, ಲಗ್ನ ಆತು ಅಂದ ಹಾಗೆ. ಪೇಪರಿನಲ್ಲಿ, ಪುಸ್ತಕದಲ್ಲಿ, ಭಾಷಣದಲ್ಲಿ ಎಲ್ಲ ಕಡೆ ಗೋಲಿಬಾರ್ ಆಗುತ್ತದೆ, ಯಾರೂ ಮಾಡುವುದಿಲ್ಲ. ಠಾಣೆಯ ದಫ್ತರಕ್ಕೆ ಹೀಗೆ ಹೇಳಿದರೆ ನಡೆಯುವುದಿಲ್ಲ. ಅಲ್ಲಿ ಯಾವ ಪೇದೆಗೆ ಎಷ್ಟು ತೋಟಾ ಕೊಟ್ಟರು, ಎಷ್ಟು ತಿರುಗಿ ಬಂದವು ಅಂತ ಒಂದೊಂದಕ್ಕೂ ಲೆಕ್ಕ ಬರೆಯಬೇಕು. ದಫ್ತರಕ್ಕೆ ಗೊತ್ತಿರುವ ಬೆರಳು ನಮ್ಮ ಮಾತಿಗೆ ಗೊತ್ತಿಲ್ಲ. ಸತ್ತವರನ್ನು ಇಷ್ಟು ಪ್ರೀತಿಯಿಂದ ನೆನೆಯುವ ಜನವೂ ಹಾರಿಸಿದವರನ್ನು ವಾಕ್ಯದಿಂದ ಬಿಟ್ಟುಬಿಡುತ್ತಾರೆ. 1857ರ ಶಸ್ತ್ರಕಾಯ್ದೆಗೆ ಸಿಡಿದೆದ್ದ ಹಲಗಲಿಯ ಬೇಡರ ಲಾವಣಿಯನ್ನು ಒಂದೂವರೆ ಶತಮಾನ ಹಾಡಿಕೊಂಡು ಬಂದ ಸೀಮೆ ಇದು, ಯಾರು ಯಾರಿಗೆ ಹೊಡೆದರು ಅಂತ ಹೆಸರಿಟ್ಟು ಹಾಡುವುದು ನಮಗೆ ಬಾರದ್ದೇನಲ್ಲ. ‘ಗೋಲಿಬಾರ್ ಮಾಡಿದರು’ ಅಂತ ಬರೆಯಬೇಕು ಅಂತ ನನ್ನ ಒತ್ತಾಯ. ಒಂದು ಕ್ರಿಯಾಪದ ಬದಲಾದರೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: ಯಾರು ಮಾಡಿದರು, ಯಾರು ಹೇಳಿ ಮಾಡಿಸಿದರು.

ಅಜ್ಜ ತೀರಿಕೊಂಡದ್ದು ಮಾಗಿಯಲ್ಲಿ. ಅದಕ್ಕೆ ಹದಿನೈದು ತಿಂಗಳ ಮೊದಲು, ಗೋವಿನಜೋಳ ಕಾಯುವ ದಿನಗಳಲ್ಲೇ ಒಂದು ಸಂಜೆ ಅವನಿಗೆ ಲಕ್ವಾ ಹೊಡೆದು ಬಲಗೈ, ಮಾತು ಎರಡೂ ಹೋಗಿದ್ದವು. ಪಡಸಾಲೆಯಲ್ಲೇ ಅವನ ಹಾಸಿಗೆ. ಬಂದೂಕಿನ ಗೂಟದ ಕಡೆ ಎಡಗೈ ಎತ್ತಿ ಏನೋ ಹೇಳಲು ಒದ್ದಾಡುತ್ತಿದ್ದ. ಹೊಲಕ್ಕೆ ಹೋಗಬೇಕು ಅನ್ನುತ್ತಾನೆ ಅಂತ ನಾವು ತಿಳಿದು ಸಮಾಧಾನ ಮಾಡುತ್ತಿದ್ದೆವು. ಆ ವರ್ಷದ ಖಂಡೇನವಮಿಗೆ ಬಂದೂಕು ಇಳಿಸಿ ಹೂ ಏರಿಸಿದೆವು, ಮಕ್ಕಳು ಸುತ್ತ ಕೂತಿದ್ದವು. ಸೋದರಮಾವ ಕೇಪು ತರಲು ಮರೆತು ಬಂದಿದ್ದ. ಮಕ್ಕಳು ಸಿಟ್ಟು ಮಾಡಿಕೊಂಡು ಅವನ ಜೊತೆ ಮಾತು ಬಿಟ್ಟವು.

ಲೈಸೆನ್ಸಿನವರು ಸತ್ತ ಮೇಲೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು, ಬೇಕಾದರೆ ವಾರಸುದಾರರು ಹೊಸದಾಗಿ ಅರ್ಜಿ ಹಾಕಬೇಕು. ದಿನಕರ್ಮ ಮುಗಿದ ಮಾರನೆಯ ದಿನ ಅಪ್ಪ ಬಂದೂಕು ಇಳಿಸಿ ಅಂಗಳಕ್ಕೆ ತಂದ. ಗೋಣಿ ಹಿಡಿದು ನಿಂತ ತಮ್ಮ ‘ಖಾಲಿ ಐತಿ, ಕಟ್ಟೋಣು’ ಅಂದ. ಅಮ್ಮ ಬಾಗಿಲಲ್ಲಿ ಮೊಮ್ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದಳು. ಅಪ್ಪ ಏನೂ ಅನ್ನದೆ ಗಜ ಎಳೆದು, ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ, ಮುಖ ಪಕ್ಕಕ್ಕೆ ಸರಿಸಿ, ಗಜವನ್ನು ಮೆಲ್ಲಗೆ ಒಳಗೆ ಬಿಟ್ಟ. ಅದು ಸರಸರ ಇಳಿದು ಮೆತ್ತನೆಯ ಏನಕ್ಕೋ ತಾಗಿ ನಿಂತಿತು. ದಾರ ನಳಿಗೆಯ ಬಾಯಿಯಿಂದ ನಾಲ್ಕು ಬೆರಳು ಮೇಲಿತ್ತು.